ನಿಬ್ಬುಗಳೆಲ್ಲ ಕೆಟ್ಟುಹೋದ ಬೇಸಿಗೆ

ಮಾರ್ಚ್ ೪. ಪೆನ್ನು: ಕರಿಯ

ಹೊಸ ಪುಸ್ತಕ ಶುರು. ಈ ಪುಸ್ತಕಗಳಿರುವುದು ನನ್ನ ಬದುಕನ್ನು ಬಣ್ಣಿಸಲು ಅಲ್ಲ, ಪೆನ್ನುಗಳಿಗೆ ವ್ಯಾಯಾಮ ಕೊಡಲು. ಹಳೆಯ ಪೆನ್ನುಗಳನ್ನು ಸುಮ್ಮನೆ ಪೆಟ್ಟಿಗೆಯಲ್ಲಿಟ್ಟರೆ ಒಳಗಿನ ರಬ್ಬರ್ ಚೀಲ ಸೆಟೆದುಕೊಳ್ಳುತ್ತದೆ, ನಿಬ್ಬು ಮುನಿಸಿಕೊಳ್ಳುತ್ತದೆ. ಸರದಿಯ ಮೇಲೆ ಒಂದೊಂದನ್ನು ಹೊರತೆಗೆದು, ಶಾಯಿ ತುಂಬಿ, ಮನಸ್ಸಿಗೆ ಬಂದದ್ದು ಗೀಚಿ, ತೊಳೆದು ಒರೆಸಿ ಮಲಗಿಸುತ್ತೇನೆ. ಬರೆದದ್ದನ್ನು ಯಾರೂ ಓದುವಂತಿಲ್ಲ, ಪೆನ್ನುಗಳನ್ನು ಯಾರೂ ಮುಟ್ಟುವಂತಿಲ್ಲ. ಮನೆಯವರಿಗೆಲ್ಲ ಇದು ಗೊತ್ತು.

ಕರಿಯ ನನ್ನ ಸಂಗ್ರಹದ ಪಟ್ಟದ ಪೆನ್ನು. ಗಟ್ಟಿ ರಬ್ಬರಿನ ಕಪ್ಪು ಮೈ, ಚಿನ್ನದ ನಿಬ್ಬು, ವಯಸ್ಸಿನಲ್ಲಿ ನನ್ನ ಅಜ್ಜನಿಗೂ ದೊಡ್ಡವನು. ಈಗ ಬರುವ ನಿಬ್ಬುಗಳು ಮೊಳೆಗಳು. ಎಷ್ಟು ಒತ್ತಿದರೂ ಒಂದೇ ಗೆರೆ. ಕರಿಯನನ್ನು ಒತ್ತಿದರೆ ನಿಬ್ಬಿನ ಎರಡು ಎಸಳು ಅಗಲಿ ಗೆರೆ ದಪ್ಪವಾಗುತ್ತದೆ, ಕೈ ಹಗುರ ಮಾಡಿದರೆ ಕೂಡಿಕೊಂಡು ಕೂದಲೆಳೆಯಾಗುತ್ತದೆ. ಇಳಿಯುವಾಗ ಒತ್ತು, ಏರುವಾಗ ಬಿಡು. ಇಷ್ಟೇ ವಿದ್ಯೆ. ಇಷ್ಟನ್ನು ಕಲಿಯಲು ನನ್ನ ಅರ್ಧ ಆಯುಷ್ಯ ಹೋಯಿತು.

ಇಂದು ಯಾಕೋ ಕರಿಯ ಸರಿಯಿಲ್ಲ. ಏರುವ ಗೆರೆಯಲ್ಲಿ ಸಣ್ಣ ಸಣ್ಣ ಹಲ್ಲು ಮೂಡುತ್ತಿವೆ. ಶಾಯಿ ಹಳತಾಗಿರಬೇಕು. ಹೊಸ ಬಾಟಲಿ ತರಬೇಕು.

ಮಾರ್ಚ್ ೯. ಪೆನ್ನು: ಮುದುಕಿ

ಪ್ರಿನ್ಸಿಪಾಲರು ಕರೆಸಿದ್ದರು. ಪದವಿ ಪತ್ರಗಳ ಮಾತು. ನಮ್ಮ ಕಾಲೇಜಿನ ಪತ್ರಗಳು ಅಚ್ಚಾಗಿಯೇ ಬರುತ್ತವೆ, ಆದರೆ ಹೆಸರಿನ ಜಾಗ ಮಾತ್ರ ಖಾಲಿ. ಹೆಸರನ್ನು ಕೈಯಲ್ಲೇ ಬರೆಯಬೇಕು ಎನ್ನುವುದು ಸ್ಥಾಪಕರ ಕಾಲದಿಂದ ಬಂದ ಪದ್ಧತಿ. ನಾನು ಕಚೇರಿಗೆ ಸೇರಿದ ಮರುವರ್ಷದಿಂದ ಆ ಕೈ ನನ್ನದು. ಊರಿನಲ್ಲಿ ಯಾರ ಮನೆಗೆ ಹೋದರೂ ಗೋಡೆಯ ಮೇಲೆ ನನ್ನ ಅಕ್ಷರ ತೂಗುತ್ತಿರುತ್ತದೆ. ನಾನು ಚಹಾ ಕುಡಿಯುವುದಕ್ಕಿಂತ ಹೆಚ್ಚು ಹೊತ್ತು ಅದನ್ನೇ ನೋಡುತ್ತಿರುತ್ತೇನೆ. ಬೇಕಾದರೆ ಜಂಬ ಎನ್ನಲಿ.

ಈ ಪ್ರಿನ್ಸಿಪಾಲರು ಹೊಸಬರು. "ಮೇಡಂ, ಹೆಸರನ್ನೂ ಪ್ರಿಂಟ್ ಮಾಡಿಸಿದ್ರೆ ಹೇಗೆ? ನಿಮಗೂ ಆರಾಮ."

"ಆರಾಮ ಬೇಕು ಅಂತ ನಾನೇನಾದ್ರೂ ಅರ್ಜಿ ಹಾಕಿದ್ನಾ ಸಾರ್?"

ನಕ್ಕರು. "ಸರಿ, ಈ ವರ್ಷ ನೋಡೋಣ. ಹಾಳೆ ಕೆಟ್ರೆ ಒಂದೊಂದಕ್ಕೂ ನಾನು ಮೇಲಿನವರಿಗೆ ಉತ್ತರ ಕೊಡಬೇಕು. ಚೆನ್ನಾಗಿ ಬಂದ್ರೆ ಹೀಗೇ ಮುಂದುವರಿಸೋಣ. ಇಲ್ಲಾಂದ್ರೆ ಯಂತ್ರ."

ಚೆನ್ನಾಗಿ ಬಂದರೆ ಅಂತೆ! ನಾನು ಕೆಡಿಸಿದ ಹಾಳೆಗಳು ಬೆರಳೆಣಿಕೆಯಷ್ಟು, ಅದರಲ್ಲೂ ಒಂದರ ಮೇಲೆ ಹಲ್ಲಿ ಬಿದ್ದದ್ದು. ಈ ಕೆಲಸವನ್ನು ಯಂತ್ರಕ್ಕೆ ಬಿಟ್ಟುಕೊಡುವವಳು ನಾನಲ್ಲ.

ಮುದುಕಿಯೂ ಇವತ್ತು ತೊದಲುತ್ತಿದ್ದಾಳೆ. ಬಾಟಲಿ ಹೊಸದು. ಹಾಗಾದರೆ ದೋಷ ಕಾಗದದ್ದು.

ಮಾರ್ಚ್ ೧೬. ಪೆನ್ನು: ಹಸಿರು ಪಟ್ಟೆಯದು

ಬೆಳಗಿನ ಚಹಾ ನಮ್ಮ ಯಜಮಾನರದೇ ಕೈ. ಕಪ್ಪಿನ ಅಂಚಿನವರೆಗೆ ತುಂಬುವ ಚಾಳಿ ಬಿಡುವುದಿಲ್ಲ, ನಾನು ಎತ್ತಿಕೊಂಡರೆ ಅರ್ಧ ಸಾಸರಿಗೆ. "ಡ್ರೈವಿಂಗ್ ಕಲಿಸೋರಿಗೆ ಅಳತೆ ಅನ್ನೋದು ಗೊತ್ತಿರಬೇಡ್ವಾ?" ಎಂದೆ. ಬಟ್ಟೆ ತಂದು ಸಾಸರು ಒರೆಸಿದರು.

ಬರೆಯುವ ಮೇಜು ಅಲುಗುತ್ತಿದೆ. ಒಂದು ಕಾಲಿನ ಕೆಳಗೆ ರಟ್ಟು ಮಡಚಿ ಇಟ್ಟೆ. ಇವರು ಬಂದು ಎರಡೂ ಕೈಯೂರಿ ಅಲ್ಲಾಡಿಸಿ ನೋಡಿದರು.

"ಬಂಡೆ ಇದ್ದ ಹಾಗಿದೆಯಲ್ಲೇ."

"ರಟ್ಟು ಕೊಟ್ಟ ಮೇಲೆ ಇರದೆ ಏನು?"

"ರಟ್ಟು ಜಾರಿ ಅಲ್ಲಿ ಬಿದ್ದಿದೆ ನೋಡು."

ಎಲ್ಲದಕ್ಕೂ ಒಂದು ಮಾತು ಇರಲೇಬೇಕು ಇವರಿಗೆ.

ಮಾರ್ಚ್ ೨೪. ಪೆನ್ನು: ಮುದುಕಿ

ಕರಿಯ, ಮುದುಕಿ, ಹಸಿರು ಪಟ್ಟೆ ಮೂವರನ್ನೂ ಕರೆದುಕೊಂಡು ಪೆನ್ನು ರಿಪೇರಿಯ ನಿಬ್ಬಜ್ಜನ ಅಂಗಡಿಗೆ ಹೋದೆ. ಅಂಗಡಿ ಎಂದರೆ ಮೆಟ್ಟಿಲ ಕೆಳಗಿನ ಒಂದು ಗೂಡು. ಒಬ್ಬರು ಒಳಗಿದ್ದರೆ ಇನ್ನೊಬ್ಬರು ಬೀದಿಯಲ್ಲಿ. ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಎಸಳು, ಸೀಳು, ನಿಬ್ಬಿನ ಕೆಳಗಿನ ನಾಲಿಗೆ ಎಲ್ಲ ನೋಡಿದರು. ಆಮೇಲೆ ಯಾವಾಗಲೂ ಬರೆಯುವ ಸುರುಳಿಗಳನ್ನು ಬರೆದರು.

"ಬೆಣ್ಣೆ ತಾಯಿ, ಬೆಣ್ಣೆ. ಏನೂ ಆಗಿಲ್ಲ ಇವಕ್ಕೆ."

"ಅಜ್ಜ, ನೀವು ಕಣ್ಣು ತೋರಿಸ್ಕೊಂಡು ಬಹಳ ದಿನ ಆಯ್ತು ಅನ್ಸುತ್ತೆ."

"ಹಾಗಾದ್ರೆ ನೀವೇ ಬರೀರಿ, ನೋಡ್ತೀನಿ."

ಬರೆದೆ. ಅದೇ ಹಲ್ಲು. ತೋರಿಸಿದರೆ, ಕಾಗದ ಬಿಟ್ಟು ನನ್ನ ಬೆರಳುಗಳನ್ನೇ ನೋಡುತ್ತಿದ್ದರು. "ಚಹಾ ತರಿಸ್ಲಾ ತಾಯಿ?" ಅಂದರು. ಮಾತು ತಪ್ಪಿಸುವುದರಲ್ಲಿ ಎತ್ತಿದ ಕೈ. ಕೂಲಿಯನ್ನೂ ತೆಗೆದುಕೊಳ್ಳಲಿಲ್ಲ. ಗುಟ್ಟು ತಿಳಿಯದೆ ಹೋದದ್ದಕ್ಕೆ ನಾಚಿಕೆ ಇರಬೇಕು, ಪಾಪ.

ಏಪ್ರಿಲ್ ೬. ಪೆನ್ನು: ಸಪೂರ ಕಂದು

ಮೇಲಿನ ಮಹಡಿಯಲ್ಲಿ ಮೈದುನನ ಹುಟ್ಟುಹಬ್ಬ. ಕೇಕು ಓರಗಿತ್ತಿಯದು. ಅವಳು ಬೇಕರಿಯಲ್ಲಿ ಕೇಕಿನ ಮೇಲೆ ಹೆಸರು ಬರೆಯುವ ಕೆಲಸದಲ್ಲಿದ್ದಾಳೆ. ಮನಸ್ಸಿನಲ್ಲೇ ಕೇಕಮ್ಮ ಎಂದು ಕರೆಯುತ್ತೇನೆ. ಎಲ್ಲರೂ ಅವಳು ಬರೆದ ಹೆಸರನ್ನು ಹೊಗಳುತ್ತಿದ್ದಾಗ ನನ್ನ ಪಕ್ಕ ಬಂದು ನಿಂತು, "ನಂದೂ ನಿಮ್ಮ ಹಾಗೇ ಅಕ್ಷರದ ಕೆಲಸ ಅಲ್ವಾ ಅಕ್ಕ" ಎಂದಳು. ನನಗೆ ಮೈಯೆಲ್ಲ ಉರಿಯಿತು.

"ನಿನ್ನ ಅಕ್ಷರ ಸಂಜೆಯೊಳಗೆ ಹೊಟ್ಟೆ ಸೇರುತ್ತೆ ಕಣೇ. ನಂದು ಗೋಡೆ ಮೇಲಿರುತ್ತೆ."

ಎಲ್ಲರೂ ನಕ್ಕರು. ಅವಳೂ ನಕ್ಕಳು, ನಾಚಿಕೆಗೆಟ್ಟವಳು.

ಕೇಕಿನ ತುಂಡು ತಟ್ಟೆಯಿಂದ ಜಾರಿ ನನ್ನ ಸೀರೆಯ ಮೇಲೆ ಬಿತ್ತು. ಕೆನೆ ಹಚ್ಚಿದ ಪದಾರ್ಥ, ಜಾರದೆ ಏನು ಮಾಡೀತು? ಕೇಕಮ್ಮ ತಟ್ಟೆ ತೆಗೆದು, ಒಂದು ಗುಂಡು ಬಟ್ಟಲಲ್ಲಿ ಹಾಕಿ ಚಮಚ ಇಟ್ಟು ಕೊಟ್ಟಳು. ತಟ್ಟೆಗಳು ಸಾಲದೆ ಹೋಗಿರಬೇಕು.

ಏಪ್ರಿಲ್ ೧೩. ಪೆನ್ನು: ಹಸಿರು ಪಟ್ಟೆಯದು

ಬ್ಯಾಂಕಿನವರು ಸಹಿ ಹೊಂದುತ್ತಿಲ್ಲ ಎಂದರು. ಎರಡು ಸಲ ಹಾಕಿಸಿದರು, ಮೂರನೆಯ ಸಲವೂ ಹಾಕಿಸಿದರು. ಸರಪಳಿ ಕಟ್ಟಿದ ಆ ಕಡ್ಡಿ ಪೆನ್ನು ಕೊಟ್ಟು ಸಹಿ ಹೊಂದಬೇಕು ಎಂದರೆ ಯಾರದು ಹೊಂದೀತು? ಕೌಂಟರಿನ ಹುಡುಗಿ "ನಿಧಾನ ಆಂಟಿ, ಪರವಾಗಿಲ್ಲ" ಎಂದು ನನಗೇ ಸಮಾಧಾನ ಹೇಳಿದಳು. ನಾನೇನು ಅವಸರ ಮಾಡುತ್ತಿದ್ದೆನೆ?

ಇವರು ಈಗ ಚಹಾ ಅರ್ಧ ಕಪ್ಪು ಮಾತ್ರ ಕೊಡುತ್ತಿದ್ದಾರೆ. ಜಿಪುಣತನಕ್ಕೂ ಒಂದು ಮಿತಿ ಬೇಡವೇ?

ಏಪ್ರಿಲ್ ೨೧. ಪೆನ್ನು: ಪೋಸ್ಟ್‌ಮಾಸ್ಟರರದು

ಕೊನೆಗೂ ಸಿಕ್ಕಿತು! ನಿವೃತ್ತ ಪೋಸ್ಟ್‌ಮಾಸ್ಟರರ ಬಳಿ ಇದ್ದ ಮೆದು ನಿಬ್ಬಿನ ಪೆನ್ನು. ನನ್ನ ಹಾಗೆಯೇ ಅವರಿಗೂ ಹಳೆಯ ಪೆನ್ನಿನ ಹುಚ್ಚು. ವರ್ಷಗಟ್ಟಲೆ ಕೇಳಿದರೂ ಬಗ್ಗದ ಆಸಾಮಿ, ಇವತ್ತು ನನ್ನ ಎರಡು ಪೆನ್ನಿಗೆ ಬದಲಾಗಿ ಕೊಟ್ಟರು. ಉಸಿರು ತಾಕಿದರೆ ಬಾಗುವ ನಿಬ್ಬು. ಇದಿದ್ದರೆ ಪದವಿ ಪತ್ರದ ಚಿಂತೆ ಇಲ್ಲ.

ಸಂಜೆ. ಅವರು ಬರೆದು ತೋರಿಸಿದಾಗ ಕುಣಿಯುತ್ತಿತ್ತು, ಈಗ ನನ್ನ ಕೈಯಲ್ಲಿ ಹುಳ ಹರಿದ ಹಾಗೆ ಗೆರೆ. ಒತ್ತಿದಲ್ಲಿ ಶಾಯಿ ಸಾಲದೆ ಗೆರೆ ಎರಡಾಗಿ ಸೀಳಿ ರೈಲು ಹಳಿ ಬೀಳುತ್ತಿದೆ. ಗಟ್ಟಿ ನಿಬ್ಬಿನಲ್ಲಿ ಮುಚ್ಚಿಹೋಗುತ್ತಿದ್ದದ್ದೆಲ್ಲ ಇದರಲ್ಲಿ ಎದ್ದು ಕಾಣುತ್ತದೆ. ಕೊಡುವ ಮೊದಲು ಏನೋ ಮಾಡಿದ್ದಾರೆ ಆ ಮನುಷ್ಯ. ಇಷ್ಟು ಸಲೀಸಾಗಿ ಕೊಟ್ಟಾಗಲೇ ನನಗೆ ಗೊತ್ತಾಗಬೇಕಿತ್ತು.

ಮೇ ೨. ಪೆನ್ನು: ಮುದುಕಿ

ಪದವಿ ಪತ್ರದ ಹಾಳೆಗಳು ಬಂದವು. ಮೇಜು ಒರೆಸಿ, ಬಾಗಿಲು ಹಾಕಿಕೊಂಡು ಕುಳಿತೆ. ಮೊದಲನೆಯದು ಕೆಟ್ಟಿತು. ಎರಡನೆಯದು ಕೆಟ್ಟಿತು. ಪೆನ್ನು ಬದಲಾಯಿಸಿದೆ, ಕುರ್ಚಿ ಬದಲಾಯಿಸಿದೆ, ಮೊಣಕೈ ಕೆಳಗೆ ದಿಂಬು ಇಟ್ಟುಕೊಂಡೆ. ಮತ್ತೂ ಕೆಟ್ಟಿತು. ಪ್ರಿನ್ಸಿಪಾಲರಿಗೆ ಏನು ಹೇಳಲಿ? ನಾಲ್ಕು ವರ್ಷ ಓದಿದ ಮಗುವಿನ ಹೆಸರು ಹೆದರಿಕೊಂಡು ನಿಂತ ಹಾಗೆ ಕಾಣುತ್ತಿದೆ.

ಮೇ ೩

ಬರೆಯಲಿಲ್ಲ. ಸೆಖೆ.

ಮೇ ೮. ಪೆನ್ನು: ಇಲ್ಲ, ಇವರ ಡೈರಿಯ ಜೊತೆ ಬಂದ ಕಡ್ಡಿ

ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ. ನಿಬ್ಬಿನ ಕೆಳಗಿನ ನಾಲಿಗೆಯಲ್ಲಿ ಒಣಗಿದ ಶಾಯಿ ಕಟ್ಟಿಕೊಂಡಿದೆ, ಬೇರೆ ಕಾರಣವೇ ಇಲ್ಲ ಎಂದು ತೀರ್ಮಾನಿಸಿ, ನಿನ್ನೆ ಕರಿಯನನ್ನು ಬಿಸಿನೀರಿನಲ್ಲಿ ಮುಳುಗಿಸಿಟ್ಟೆ. ಗಟ್ಟಿ ರಬ್ಬರಿನ ಪೆನ್ನನ್ನು ನೀರಿಗೆ ಹಾಕಬಾರದು, ಬಿಸಿನೀರಿಗಂತೂ ಸುತರಾಂ ಹಾಕಬಾರದು, ಕಪ್ಪು ಬಣ್ಣ ಸತ್ತುಹೋಗುತ್ತದೆ. ಹೊಸದಾಗಿ ಪೆನ್ನು ಕೂಡಿಸುವವರಿಗೆಲ್ಲ ನಾನು ಮೊದಲು ಹೇಳುವ ಪಾಠವೇ ಇದು. ಆ ನಾನೇ ಮಾಡಿದೆ. ಇವತ್ತು ತೆಗೆದು ನೋಡಿದರೆ ಕರಿಯ ಕರಿಯನಲ್ಲ. ಕೊಳೆತ ಎಲೆಯ ಬಣ್ಣ. ಉಜ್ಜಿದರೆ ಹೋಗುವಂಥದ್ದಲ್ಲ.

ಮೇ ೯. ಅದೇ ಕಡ್ಡಿ

ಸಂಜೆ ಓರಗಿತ್ತಿ ಪಾತ್ರೆ ವಾಪಸು ಕೊಡಲು ಕೆಳಗೆ ಬಂದಳು. ನಾನು ಮೇಜಿನ ಮುಂದೆ ಸುಮ್ಮನೆ ಕುಳಿತಿದ್ದೆ.

"ಏನಾಯ್ತಕ್ಕ?"

"ಕರಿಯ ಹೋದ."

"ಅಯ್ಯೋ! ಯಾರಕ್ಕ ಅವ್ರು?"

ಪೆನ್ನು ತೋರಿಸಿದೆ. ಎದೆಯ ಮೇಲೆ ಕೈಯಿಟ್ಟುಕೊಂಡು ಉಸಿರುಬಿಟ್ಟಳು. "ಬಣ್ಣ ತಾನೇ ಹೋಗಿರೋದು? ಬರೆಯುತ್ತಾ ನೋಡಲಾ?" ಬೇರೆ ದಿನವಾಗಿದ್ದರೆ ಕೈ ಮುರಿಯುತ್ತಿದ್ದೆ. ಬೇಡ ಎನ್ನುವಷ್ಟೂ ತ್ರಾಣ ಇರಲಿಲ್ಲ.

ಶಾಯಿಯಲ್ಲಿ ಅದ್ದಿದಳು. ಕೆಟ್ಟ ಹಾಳೆಯೊಂದನ್ನು ತಿರುವಿ, ಅದರ ಮುಂದಿನ ಬದಿಯಲ್ಲಿದ್ದ ಹೆಸರನ್ನೇ ಹಿಂದೆ ಬರೆದಳು. ಕೇಕಿನ ಮೇಲೆ ಬರೆಯುವ ಹಾಗೆ ಮೊಣಕೈ ಎತ್ತಿ, ಉಸಿರು ಕಟ್ಟಿ. ಇಳಿಯುವಾಗ ಗೆರೆ ಅಗಲವಾಯಿತು, ಏರುವಾಗ ಕೂದಲೆಳೆಯಾಯಿತು. ಅಕ್ಷರ ಏನೂ ಚೆಂದವಿರಲಿಲ್ಲ, ತಲೆಕಟ್ಟು ಒಂದೊಂದು ಒಂದೊಂದು ದಿಕ್ಕಿಗೆ. ಆದರೆ ಗೆರೆಯಲ್ಲಿ ಹಲ್ಲು ಇರಲಿಲ್ಲ.

"ಚೆನ್ನಾಗೇ ಬರೀತಿದೆಯಲ್ಲಕ್ಕ!" ಎಂದು ಖುಷಿಯಿಂದ ಮುಖ ಎತ್ತಿದವಳು, ನನ್ನ ಮುಖ ನೋಡಿ ಮೆಲ್ಲಗೆ ಪೆನ್ನು ಕೆಳಗಿಟ್ಟಳು.

ನಾನು ಪೆಟ್ಟಿಗೆ ಎಳೆದೆ. ಮುದುಕಿಯನ್ನು ಕೊಟ್ಟೆ. ಬರಿ ಎಂದೆ. ಹಸಿರು ಪಟ್ಟೆಯದನ್ನು ಕೊಟ್ಟೆ, ಸಪೂರ ಕಂದು ಕೊಟ್ಟೆ, ಪೋಸ್ಟ್‌ಮಾಸ್ಟರರದು ಕೊಟ್ಟೆ. ಇದರಲ್ಲಿ ಬರಿ, ಇದರಲ್ಲಿ ಬರಿ. ಒಂದೂ ತೊದಲಲಿಲ್ಲ. ಅವಳು "ಸಾಕಕ್ಕ" ಎಂದು ನನ್ನ ಕೈ ಹಿಡಿದುಕೊಂಡಳು, ಆಗ ಕೈ ಅವಳ ಕೈಯೊಳಗೂ ಅಲುಗುತ್ತಿತ್ತು. ಅಳು ಬಂತು. ಅವಳೆದುರಿಗೇ ಅತ್ತುಬಿಟ್ಟೆ.

ಮೇ ೧೦

ಪೆನ್ನುಗಳಿಗೆ ಏನೂ ಆಗಿರಲಿಲ್ಲ.

ಮೇ ೧೪. ಸೀಸದ ಕಡ್ಡಿ

ಡಾಕ್ಟರು ಸುರುಳಿ ಬರೆಯಿರಿ ಎಂದು ಕಾಗದ ಕೊಟ್ಟರು. ಅವರ ಪೆನ್ನು ದರಿದ್ರದ್ದು ಎಂದು ಹೇಳಲು ಬಾಯಿ ತೆರೆದೆ, ಇವರು ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಕೈಯ ನಡುಕವಂತೆ. ಜೀವಕ್ಕೇನೂ ಇಲ್ಲ, ಕೆಲವರಿಗೆ ಹೀಗೆ ಬರುತ್ತದೆ, ಬರೆಯುವಾಗ, ಕಪ್ಪು ಎತ್ತುವಾಗ ಹೆಚ್ಚು. ಮಾತ್ರೆಯಲ್ಲಿ ಸ್ವಲ್ಪ ತಗ್ಗಬಹುದು. "ಪೂರ್ತಿ ಹೋಗುತ್ತೆ ಅಂತ ನಾನು ಹೇಳಲ್ಲಮ್ಮ."

ವಾಪಸು ಬರುವಾಗ ಕಾರಿನಲ್ಲಿ ಕೇಳಿದೆ. "ನಿಮಗೆ ಯಾವಾಗಿನಿಂದ ಗೊತ್ತು?"

"ಚಹಾ ಅರ್ಧ ಕಪ್ಪು ಕೊಡೋಕೆ ಶುರು ಮಾಡಿದೆನಲ್ಲ, ಅದಕ್ಕೂ ಮೊದಲು."

"ಹೇಳೋದಕ್ಕೇನಾಗಿತ್ತು?"

"ಹೇಳಿದ್ರೆ ಸ್ಟೇರಿಂಗ್ ಕಿತ್ತು ನನ್ನ ತಲೆ ಮೇಲೆ ಹಾಕ್ತಿದ್ದೆ."

ಹಾಕುತ್ತಿದ್ದೆ, ಸುಳ್ಳಲ್ಲ.

ಮೇ ೨೦. ಸೀಸದ ಕಡ್ಡಿ

ಪ್ರಿನ್ಸಿಪಾಲರಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಕೈ ನಡುಗುತ್ತೆ, ಇಷ್ಟು ಹಾಳೆ ಕೆಟ್ಟಿವೆ, ಬರೆಯಲು ಒಬ್ಬಳನ್ನು ಕರೆತರುತ್ತೇನೆ, ಪಕ್ಕದಲ್ಲಿ ನಾನು ಕೂರುತ್ತೇನೆ. ಅವರ ಮುಖ ನೋಡಿದರೆ ಯಂತ್ರದ ಅಂಗಡಿಗೆ ಫೋನು ಮಾಡಲು ಬೆರಳು ತುರಿಸುತ್ತಿದ್ದ ಹಾಗಿತ್ತು. "ಒಂದು ಹಾಳೆ ಕೊಡ್ತೀನಿ. ಅದು ನೋಡಿ ತೀರ್ಮಾನ ಮಾಡ್ತೀನಿ. ಒಂದೇ" ಎಂದರು.

ಮೇಲೆ ಹೋಗಿ ಓರಗಿತ್ತಿಯನ್ನು ಕೇಳಿದೆ. ನಾನು ಅವಳ ಮನೆಗೆ ಏನನ್ನಾದರೂ ಕೇಳಿಕೊಂಡು ಹೋದದ್ದು ಇದೇ ಮೊದಲು. ಮೆಟ್ಟಿಲು ಹತ್ತುವಾಗ ಎರಡು ಸಲ ವಾಪಸು ತಿರುಗಿದೆ.

"ನಂದು ಹೊಟ್ಟೆಗೆ ಹೋಗೋ ಅಕ್ಷರ ಅಲ್ವಾ ಅಕ್ಕ?" ಎಂದಳು.

ನೆಲ ನೋಡಿದೆ. "ಮನಸ್ಸಲ್ಲಿ ಇಟ್ಟುಕೊಂಡಿದ್ದೀಯಾ?"

"ಇಟ್ಟುಕೊಂಡಿದ್ದೆ. ಈಗ ಹೇಳಿ ಆಯ್ತಲ್ಲ. ಬರ್ತೀನಿ ನಡೀರಿ."

ಮೇ ೨೭. ಸೀಸದ ಕಡ್ಡಿ

ದಿನವೂ ಅವಳು ಬೇಕರಿಯಿಂದ ಬಂದ ಮೇಲೆ ಅಭ್ಯಾಸ. ಕೇಕಿನ ಕೊಳವೆ ಹಿಂಡುವವಳು, ಏರುವಾಗಲೂ ಒತ್ತುತ್ತಾಳೆ. ಬಾಯಿ ಬಡಿದುಕೊಂಡು ಹೇಳಿದರೂ ಕೇಳದೆ ಇವತ್ತು ಸಪೂರ ಕಂದಿನ ನಿಬ್ಬನ್ನು ಕಾಗದಕ್ಕೆ ಚುಚ್ಚಿ ಎರಡು ಎಸಳನ್ನೂ ಸೊಟ್ಟಗೆ ಮಾಡಿಟ್ಟಳು. ಅದು ಇನ್ನು ಕೂಡುವುದಿಲ್ಲ. ಬೈಯಲು ಬಾಯಿ ತೆರೆದೆ. ಅವಳ ಕಣ್ಣಲ್ಲಿ ಆಗಲೇ ನೀರು ನಿಂತಿತ್ತು. "ಹೋಗ್ಲಿ ಬಿಡು, ಅದು ಮೊದಲಿಂದಲೂ ಸ್ವಲ್ಪ ಸಿಡುಕಿನ ಪೆನ್ನೇ" ಎಂದುಬಿಟ್ಟೆ. ಯಾಕೆ ಹಾಗಂದೆನೋ, ಅದು ಬಂಗಾರದಂಥ ಪೆನ್ನಾಗಿತ್ತು.

ಈಗ ಅವಳು ಬರೆಯುವಾಗ ನಾನು ಪಕ್ಕದಲ್ಲಿ ಕುಳಿತು "ಒತ್ತು, ಬಿಡು, ಒತ್ತು, ಬಿಡು" ಎನ್ನುತ್ತೇನೆ. ಇವರು ಬಾಗಿಲಲ್ಲಿ ನಿಂತು, ತಾನು ಕ್ಲಚ್ ಕಲಿಸುವುದೂ ಹೀಗೇ ಎಂದರು. ಇಬ್ಬರೂ ಸೇರಿ ಅಟ್ಟಿದೆವು.

ಜೂನ್ ೧. ಸೀಸದ ಕಡ್ಡಿ

ಒಂದೇ ಹಾಳೆ, ಪ್ರಿನ್ಸಿಪಾಲರ ಕೋಣೆಯಲ್ಲೇ, ಅವರ ಕಣ್ಣೆದುರಿಗೇ. ನಾನು ಬಾಯಿಬಿಟ್ಟು ಹೇಳುವಂತಿರಲಿಲ್ಲ, ತೊಡೆಯ ಮೇಲೆ ಬೆರಳು ಒತ್ತಿ ಒತ್ತಿ ಬಿಡುತ್ತಿದ್ದೆ. ನಮ್ಮವಳು ಕರಿಯನನ್ನು ಹಿಡಿದಳು. ಬರೆದು ಮುಗಿಸಿ ಉಸಿರುಬಿಟ್ಟಳು. ಪ್ರಿನ್ಸಿಪಾಲರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು, ಹತ್ತಿರ ಹಿಡಿದರು, ದೂರ ಹಿಡಿದರು. ಬೀರು ತೆಗೆದು ಉಳಿದ ಹಾಳೆಗಳ ಕಟ್ಟನ್ನು ಅವಳ ಮುಂದೆ ಇಟ್ಟರು.

ನನಗೆ ಸಂತೋಷವಾಯಿತು. ಹೊಟ್ಟೆಕಿಚ್ಚೂ ಆಯಿತು. ಎರಡೂ ನಿಜ. ಕಟ್ಟು ಇಷ್ಟು ವರ್ಷ ನನ್ನ ಮುಂದೆ ಬರುತ್ತಿತ್ತು.

ಜೂನ್ ೧೨. ಸೀಸದ ಕಡ್ಡಿ

ಎಲ್ಲ ಮುಗಿಯಿತು. ಒಂದು ಹಾಳೆ ಕೆಟ್ಟಿತು, ಅದೂ ನನ್ನಿಂದಲೇ, ನಡುವೆ ಸೀನಿದೆ. ಮುಂದಿನ ವರ್ಷವೂ ಇಬ್ಬರೂ ಬನ್ನಿ ಎಂದರು ಪ್ರಿನ್ಸಿಪಾಲರು. ಇಬ್ಬರೂ ಎಂದರು.

ಜೂನ್ ೧೯. ಪೆನ್ನು: ಕರಿಯ. ಕೈ: ಓರಗಿತ್ತಿಯದು

ಮಾತ್ರೆಯಿಂದ ಕಪ್ಪು ಹಿಡಿಯಲು ಬರುತ್ತಿದೆ, ನಿಬ್ಬು ಹಿಡಿಯಲು ಬರುತ್ತಿಲ್ಲ. ಪೆನ್ನುಗಳಿಗಂತೂ ವ್ಯಾಯಾಮ ಬೇಕು. ಹಾಗಾಗಿ ಇಂದಿನಿಂದ ನಾನು ಹೇಳುವುದು, ಇವಳು ಬರೆಯುವುದು. ಹೇಳಿದ್ದನ್ನು ಹೇಳಿದ ಹಾಗೆ ಬರೆಯಬೇಕು, ನಡುವೆ ಬಾಯಿ ಹಾಕುವಂತಿಲ್ಲ ಎಂದಿದ್ದೇನೆ. ಆಯ್ತಕ್ಕ. ಈ ಆಯ್ತಕ್ಕ ನಾನು ಹೇಳಿದ್ದಲ್ಲ, ಇವಳದು. ಬೇಡವೆಂದರೂ ಬರೆದಿದ್ದಾಳೆ.

ಇಂದು ಇವರ ಡ್ರೈವಿಂಗ್ ಶಾಲೆಯ ಹೊಸ ಶಿಷ್ಯನೊಬ್ಬ ಕಾರನ್ನು ಹೂವಿನ ಅಂಗಡಿಯೊಳಗೆ ನುಗ್ಗಿಸಿದ. ಯಾರಿಗೂ ಪೆಟ್ಟಾಗಿಲ್ಲ. ಇವರು ಮೈತುಂಬ ಎಸಳು ಅಂಟಿಸಿಕೊಂಡು ಮನೆಗೆ ಬಂದರು.

"ಮುಂದೆ ಏನಕ್ಕ?"

ಮುಂದೆ ಏನೂ ಹೊಳೆಯಲಿಲ್ಲ. ಕೈ ಬರೆಯುತ್ತಿದ್ದಾಗ ಮಾತು ತಾನಾಗಿ ಬರುತ್ತಿತ್ತು. ಶಾಯಿ ಒಣಗುತ್ತದೆಂದು ಇವಳು ನಿಬ್ಬನ್ನು ಇನ್ನೊಮ್ಮೆ ಅದ್ದಿದಳು.

"ಭಯ ಆಗ್ತಿದೆ ಅಂತ ಬರಿ" ಎಂದೆ.

ಪೆನ್ನು ನಿಂತಿತು. "ಯಾರಿಗೆ ಅಂತ ಬರೀಲಿ ಅಕ್ಕ?"

"ನನಗೆ ಕಣೇ. ಕೈ ಆಯ್ತು, ಇನ್ನು ಏನೇನು ಹೋಗುತ್ತೋ ಅಂತ. ಬರಿ."

ಬರೆದಳು. ಪದವಿ ಪತ್ರಕ್ಕೆ ಬರೆದ ಹಾಗೆ, ಇಳಿಯುವಾಗ ಒತ್ತಿ, ಏರುವಾಗ ಬಿಟ್ಟು, ಒಂದೊಂದೇ ಅಕ್ಷರ. ಮುಗಿದ ಮೇಲೆ ಪುಸ್ತಕವನ್ನು ನನ್ನ ಕಡೆ ತಿರುಗಿಸಿದಳು. ಈ ಮಾತನ್ನು ನಾನು ಯಾವ ಪೆನ್ನಿನಲ್ಲೂ ಯಾವತ್ತೂ ಬರೆದವಳಲ್ಲ. ತುಂಬಾ ಹೊತ್ತು ನೋಡಿದೆ. 'ಭ' ಚೆನ್ನಾಗಿದೆ, 'ಯ'ದ ಕೊನೆಯ ಸುತ್ತಿನಲ್ಲಿ ಕೈ ಬಿಡುವುದು ತಡವಾಗಿದೆ, ಇನ್ನೊಮ್ಮೆ ಬರಿ ಎಂದೆ.

ನನಗೆ ಭಯವಾಗುತ್ತಿದೆ.

ಈಗ ಸರಿಯಾಗಿ ಬಂದಿದೆ.